ಮೂರು ಗೆರೆಯ ನಾಮ

ಆಯುಧಪೂಜೆಯ ದಿನ ಬೆಳಿಗ್ಗೆ ನಮ್ಮ ಬೀದಿಯ ಗಾಡಿಗಳೆಲ್ಲ ಮೈ ತೊಳೆಸಿಕೊಂಡು, ಬಾಳೆಕಂದು ಕಟ್ಟಿಸಿಕೊಂಡು ನಿಂತಿದ್ದರೆ ನಮ್ಮ ಕಾರು ಕಾಲು ಮುರಿದ ಎತ್ತಿನ ಹಾಗೆ ಅಂಗಳದಲ್ಲಿತ್ತು. ಮುಂದಿನ ಎಡಗಡೆ ಚಕ್ರ ಬಿಚ್ಚಿ ತುಳಸಿಕಟ್ಟೆಗೆ ಒರಗಿಸಿದ್ದೆ. ಅಮ್ಮ ನಾಲ್ಕು ನಿಂಬೆಹಣ್ಣು ಹಿಡಿದು ಬಂದಳು. ಮೂರನ್ನು ಮೂರು ಚಕ್ರಕ್ಕೆ ಇಟ್ಟಳು. ನಾಲ್ಕನೆಯದನ್ನು ಕೈಯಲ್ಲೇ ಹಿಡಿದು, ಬಗ್ಗಿ, ಕಾರಿನಡಿ ಮಲಗಿದ್ದ ನನ್ನನ್ನು ಕೇಳಿದಳು, “ಇದನ್ನೆಲ್ಲಿ ಇಡ್ಲೋ?”

“ಆ ಸ್ಟ್ಯಾಂಡ್ ಹತ್ರ ಇಡಮ್ಮ.”

“ಬರೀ ಕಬ್ಬಿಣಕ್ಕಾ?”

“ಆಯುಧಪೂಜೆ ಅಲ್ವಾ ಇವತ್ತು? ಅದೂ ಆಯುಧನೇ.”

ಹಾಗೆ ಜಾಕಿ ಸ್ಟ್ಯಾಂಡಿಗೂ ಅರಿಶಿನ ಕುಂಕುಮ ಬಿತ್ತು. ಪಾನಾ ಪೆಟ್ಟಿಗೆಯ ಮೇಲೆ ಸೇವಂತಿಗೆ ಏರಿತು. 17ರ ಸಾಕೆಟ್ಟಿನ ಮೇಲೆ ಬಿದ್ದ ಕುಂಕುಮ ಇವತ್ತಿಗೂ ಆ ಅಂಕಿಯ ತಗ್ಗಿನಲ್ಲಿ ಕೂತಿದೆ.

ಕಾರು 2001ರ ಹೋಂಡಾ ಸಿಟಿ, ವಿಟೆಕ್. ಸಿಟಿ ನಮ್ಮ ದೇಶಕ್ಕೆ ಬಂದಿದ್ದು 1998ರಲ್ಲಿ, ವಿಟೆಕ್ ಎಂಜಿನ್ ಸೇರಿದ್ದು 2000ದಲ್ಲಿ. 1493 ಸಿ.ಸಿ., 106 ಕುದುರೆ ಶಕ್ತಿ. ಆದರೆ ಅಷ್ಟೂ ಕುದುರೆ ಓಡಬೇಕಾದರೆ ನಿಮಿಷಕ್ಕೆ 6800 ಸುತ್ತಿನ ತನಕ ಎಂಜಿನ್ನನ್ನು ಎಳೆಯಬೇಕು. 2003ರಲ್ಲಿ ಆಕಾರ ಬದಲಾಗಿ ಹೊಸ ಸಿಟಿ ಬಂದಾಗ ಅದರಲ್ಲಿ ಎಂಬತ್ತು ಕುದುರೆಯೂ ಇರಲಿಲ್ಲ, ಮೈಲೇಜು ಇತ್ತು. ಹಳೆಯದನ್ನು ಇಟ್ಟುಕೊಂಡಿರುವವರು ಮಾತಾಡುವುದೆಲ್ಲ ಒಂದು ದನಿಯ ಬಗ್ಗೆ. ವಿಟೆಕ್ಕಿನಲ್ಲಿ ವಾಲ್ವುಗಳನ್ನು ತೆರೆಯುವ ದಂಡಕ್ಕೆ, ಅಂದರೆ ಕ್ಯಾಮ್‌ಶಾಫ್ಟಿಗೆ, ಎರಡು ಥರದ ಉಬ್ಬುಗಳಿವೆ. ಸುತ್ತು ಏರಿದಾಗ ಆಯಿಲ್ ಒತ್ತಡಕ್ಕೆ ಒಳಗೆ ಸಣ್ಣ ಪಿನ್ನುಗಳು ಸರಿದು, ವಾಲ್ವುಗಳನ್ನು ಒತ್ತುವ ರಾಕರ್‌ಗಳನ್ನು ಒಟ್ಟಿಗೆ ಬಿಗಿಯುತ್ತವೆ. ಆಮೇಲೆ ವಾಲ್ವುಗಳಿಗೆ ದೊಡ್ಡ ಉಬ್ಬೇ ಯಜಮಾನ. ಸ್ಟೇರಿಂಗ್ ಹಿಡಿದವನಿಗೆ ತಿಳಿಯುವುದು ಇಷ್ಟೇ: ಅಲ್ಲಿಯ ತನಕ ಗುನುಗುತ್ತಿದ್ದದ್ದು ಥಟ್ಟನೆ ಗಂಟಲು ತೆಗೆದು ಹಾಡುತ್ತದೆ. ಅದಕ್ಕೋಸ್ಕರ ಎರಡು ಸಲ ಆರ್.ಟಿ.ಓ. ಮೆಟ್ಟಿಲು ಹತ್ತಿ ಆರ್.ಸಿ. ಮುಂದುವರಿಸಿಕೊಂಡಿದ್ದೇನೆ. ನನ್ನ ಹೆಂಡತಿ ಇದನ್ನು ನಂಬುವುದಿಲ್ಲ, ಮಾರಿದರೆ ಯಾರೂ ಕೊಳ್ಳುವುದಿಲ್ಲ ಅಂತಲೇ ಇಟ್ಟುಕೊಂಡಿದ್ದಾರೆ ಅನ್ನುತ್ತಾಳೆ. ಅದೂ ನಿಜ.

ನಮ್ಮ ತುಮಕೂರಿನ ಗುಬ್ಬಿ ಗೇಟ್ ಕಡೆ ಒಬ್ಬರು ಮೇಸ್ತ್ರಿ ಇದ್ದರು. ಈ ಕಾರು ಮುಟ್ಟುತ್ತಿದ್ದವರು ಅವರೊಬ್ಬರೇ. ಮಂಡಿನೋವು ಬಂದು ಗ್ಯಾರೇಜು ಮುಚ್ಚಿದ ಮೇಲೆ ಆಯಿಲ್, ಪ್ಲಗ್, ಬ್ರೇಕ್ ಪ್ಯಾಡ್ ಎಲ್ಲ ನಾನೇ ಮನೆಯಲ್ಲಿ ಮಾಡಿಕೊಳ್ಳುತ್ತೇನೆ. ಪಿ.ಯು. ಕಾಲೇಜಿನಲ್ಲಿ ಗಣಿತ ಹೇಳುವವನು ನಾನು, ದಸರಾ ರಜೆ ಇರುತ್ತದೆ. ಕೈಗೆ ಗ್ರೀಸ್ ಆದರೆ ಖುಷಿಪಡುವ ಜಾತಿ.

ಈ ಸಲದ್ದು ಮಾತ್ರ ಪ್ಲಗ್ ಬಿಚ್ಚಿದಷ್ಟು ಸಲೀಸಲ್ಲ. ಟೈಮಿಂಗ್ ಬೆಲ್ಟ್. ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕು ಎರಡು ಸುತ್ತು ಸುತ್ತಿದರೆ ಕ್ಯಾಮ್‌ಶಾಫ್ಟು ಒಂದು ಸುತ್ತು ಸುತ್ತಬೇಕು, ಆ ಲೆಕ್ಕ ತಪ್ಪದ ಹಾಗೆ ಎರಡನ್ನೂ ಕಟ್ಟಿಹಾಕಿರುವ ಹಲ್ಲಿನ ರಬ್ಬರ್ ಪಟ್ಟಿ ಅದು. ಕಿಲೋಮೀಟರ್ ಓಡದಿದ್ದರೂ ವಯಸ್ಸಿಗೆ ರಬ್ಬರು ಸತ್ತುಹೋಗುತ್ತದೆ. ಓಡುವಾಗ ಹರಿದರೆ ತೆರೆದ ವಾಲ್ವಿಗೆ ಪಿಸ್ಟನ್ ಬಂದು ಬಡಿಯುತ್ತದೆ, ಆಮೇಲೆ ಎಂಜಿನ್ನಿನ ತಲೆಯನ್ನೇ ಇಳಿಸಬೇಕು. ಮೇಸ್ತ್ರಿ ಹಾಕಿದ್ದ ಬೆಲ್ಟಿಗೆ ಒಂಬತ್ತು ವರ್ಷ ಆಗಿತ್ತು. ಬೆಂಗಳೂರಿಗೆ ರೈಲಿನಲ್ಲಿ ಹೋಗಿ ಜೆ.ಸಿ. ರಸ್ತೆಯಲ್ಲಿ ಬೆಲ್ಟು, ಅದನ್ನು ಬಿಗಿಯಾಗಿಡುವ ಟೆನ್ಷನರ್ ಬೇರಿಂಗು, ಎರಡು ಆಯಿಲ್ ಸೀಲು ತಂದೆ. ವಾಟರ್ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟಾದ್ದರಿಂದ ಅದನ್ನೂ ತಂದೆ. ಅಷ್ಟು ಬಿಚ್ಚಿದ ಮೇಲೆ ಹಳೆಯ ಪಂಪನ್ನು ಬಿಡುವವನು ದಡ್ಡ.

ಮೊದಲ ದಿನವೆಲ್ಲ ಒಂದು ಬೋಲ್ಟಿಗೆ ಹೋಯಿತು. ಕ್ರ್ಯಾಂಕ್ ಪುಲ್ಲಿಯ ನಡುವಿನ ಬೋಲ್ಟು. ಅದನ್ನು ಬಿಗಿಯುವಾಗ ಒಂದು ಮೀಟರ್ ಉದ್ದದ ಪೈಪಿನ ತುದಿಗೆ ಹದಿನೆಂಟು ಕಿಲೋ ತೂಗುಹಾಕಿದಷ್ಟು ಬಿಗಿ ಕೊಡುತ್ತಾರೆ. ಒಂಬತ್ತು ವರ್ಷದ ತುಕ್ಕು, ಕಾವು ಸೇರಿ ಅದು ಎಷ್ಟಾಗಿತ್ತೋ. ಗಾಡಿಯನ್ನು ಐದನೇ ಗೇರಿಗೆ ಹಾಕಿ ಹೆಂಡತಿಯನ್ನು ಬ್ರೇಕ್ ತುಳಿದು ಕೂರಿಸಿದೆ. ಅವಳು ತುಳಿದುಕೊಂಡೇ ಒಂದು ಸೊಪ್ಪಿನ ಕಟ್ಟು ಬಿಡಿಸಿ ಮುಗಿಸಿದಳು. ಬೋಲ್ಟು ಅಲ್ಲಾಡಲಿಲ್ಲ. ಪಾನಾದ ಹಿಡಿ ಬಾಗಿತು.

ನನ್ನ ಭಾವಮೈದ ಫೋನಿನಲ್ಲೇ ಉಪಾಯ ಹೇಳಿದ. “ಭಾವ, ಪಾನಾನ ನೆಲಕ್ಕೆ ಒತ್ತಿಸಿಟ್ಟು ಒಂದು ಸಲ ಸೆಲ್ಫ್ ಹೊಡೀರಿ, ತಾನೇ ಬಿಟ್ಕೊಳ್ಳುತ್ತೆ.” ಬೇರೆ ಕಾರುಗಳಿಗೆ ಸರಿ. ಅವುಗಳ ಎಂಜಿನ್ನು ಗಡಿಯಾರದ ಮುಳ್ಳಿನ ಹಾಗೆ ಬಲಕ್ಕೆ ತಿರುಗುತ್ತದೆ, ಬೋಲ್ಟು ಎಡಕ್ಕೆ ಬಿಚ್ಚುತ್ತದೆ. ಈ ಎಂಜಿನ್ನು ತಿರುಗುವುದೇ ಎಡಕ್ಕೆ. ಸೆಲ್ಫ್ ಹೊಡೆದರೆ ಇನ್ನಷ್ಟು ಬಿಗಿ. ಇದನ್ನು ವಿವರಿಸಿದ ಮೇಲೆ ಅವನು “ಹಂಗಾದ್ರೆ ಮಾರ್‍ಬಿಡಿ ಭಾವ” ಅಂದ.

ಕೊನೆಗೆ ಪಕ್ಕದ ಮನೆಯ ಬೋರ್‌ವೆಲ್ ಮೋಟಾರಿನವರು ನಾಲ್ಕಡಿಯ ಜಿ.ಐ. ಪೈಪಿನ ತುಂಡು ತಂದುಕೊಟ್ಟರು. ಪಾನಾದ ಹಿಡಿಗೆ ಅದನ್ನು ತೊಡಿಸಿ ಇಬ್ಬರೂ ತುದಿಗೆ ಜೋತುಬಿದ್ದೆವು. ‘ಟಣ್’ ಎಂದು ಸದ್ದು ಬಂತು. ಬೋಲ್ಟು ತುಂಡಾಯಿತು ಅಂದುಕೊಂಡು ಒಂದು ಕ್ಷಣ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ತುಂಡಾಗಿರಲಿಲ್ಲ, ಬಿಟ್ಟಿತ್ತು. ಆಮೇಲೆ ಬೆರಳಲ್ಲೇ ತಿರುಗಿ ಬಂತು, ಇಷ್ಟಕ್ಕಾ ಅಷ್ಟು ರಂಪ ಅನ್ನುವ ಹಾಗೆ.

ಎರಡನೆಯ ದಿನ, ಪುಲ್ಲಿ ಕಳಚುವ ಮೊದಲು, ಗುರುತು ಹೊಂದಿಸಬೇಕಿತ್ತು. ಪುಲ್ಲಿಯ ಅಂಚಿನಲ್ಲಿ ಸಣ್ಣ ಕಚ್ಚುಗಳಿವೆ, ಕವರಿನ ಮೇಲೆ ಒಂದು ಮೊನೆ ಇದೆ. ಕಚ್ಚು ಮೊನೆಯ ನೇರಕ್ಕೆ ಬಂದಾಗ ಒಂದನೇ ಪಿಸ್ಟನ್ ತುತ್ತತುದಿಯಲ್ಲಿರಬೇಕು. ಮೇಲೆ ಕ್ಯಾಮ್ ಚಕ್ರದಲ್ಲಿ ಮೇಲ್ಮುಖದ ಗುರುತು ನೆತ್ತಿಗೆ ಬಂದು, ಎರಡು ಬದಿಯ ಗೆರೆಗಳು ಎಂಜಿನ್ ಹೆಡ್ಡಿನ ಅಂಚಿಗೆ ಸಮವಾಗಬೇಕು. ಪುಲ್ಲಿ ಕೊಳೆಯಾಗಿತ್ತು. ಬ್ರಷ್ಷನ್ನು ಡೀಸೆಲಿಗೆ ಅದ್ದಿ ಫಳಫಳ ಅನ್ನುವ ತನಕ ಉಜ್ಜಿದೆ. ಒಂದು ಕಡೆ ಒಂಟಿ ಗೆರೆ, ಅದರ ಪಕ್ಕಕ್ಕೆ ಸ್ವಲ್ಪ ದೂರದಲ್ಲಿ ಮೂರು ಗೆರೆ ಒಟ್ಟಿಗೆ. ಮೂರು ಗೆರೆ ಹಾಕಿದ್ದಾರೆ ಅಂದರೆ ಅದೇ ಮುಖ್ಯ ಇರಬೇಕು, ನಡುವಿನದಕ್ಕೆ ಹೊಂದಿಸಬೇಕು ಅಂತ ನನ್ನ ತರ್ಕ. ಹೊಂದಿಸಿದೆ. ಮೇಲೆ ನೋಡಿದರೆ ಕ್ಯಾಮ್ ಚಕ್ರದ ಗೆರೆಗಳು ಸಮವಿಲ್ಲ, ಒಂದು ಹಲ್ಲಿನಷ್ಟು ಹಿಂದಿವೆ.

ಇಲ್ಲಿ ಯಾರಾದರೂ ನಿಂತು ಯೋಚಿಸುತ್ತಾರೆ. ನಾನು ಯೋಚಿಸಲಿಲ್ಲ, ಖುಷಿಪಟ್ಟೆ. ಒಂಬತ್ತು ವರ್ಷದಿಂದ ಬೆಲ್ಟು ಒಂದು ಹಲ್ಲು ತಪ್ಪಿ ಕೂತಿದೆ, ಮೇಸ್ತ್ರಿಗೆ ಗೊತ್ತಾಗಿಲ್ಲ, ನನಗೆ ಗೊತ್ತಾಯಿತು! ಸುಮ್ಮನಿರಲಾರದೆ ಅವರಿಗೆ ಫೋನ್ ಮಾಡಿದೆ.

“ಮೇಸ್ತ್ರಿ, ಬೇಜಾರು ಮಾಡ್ಕೋಬೇಡಿ, ಹೋದ ಸಲ ನೀವು ಒಂದು ಹಲ್ಲು ತಪ್ಪಿಸಿಬಿಟ್ಟಿದ್ರಿ.”

ಅತ್ತ ಸ್ವಲ್ಪ ಹೊತ್ತು ಮಾತಿಲ್ಲ. “ಹೌದಾ ಮೇಷ್ಟ್ರೇ? ವಯಸ್ಸಾಯ್ತು ನೋಡಿ, ಇರಬಹುದು” ಅಂದರು.

ಪೂಜೆಯ ದಿನ ಸಂಜೆಯ ಹೊತ್ತಿಗೆ ಹೊಸ ಬೆಲ್ಟು ಕೂತಿತು, ಕ್ಯಾಮ್ ಚಕ್ರವನ್ನು ನಾನು ‘ಸರಿ’ ಮಾಡಿದ ಜಾಗದಲ್ಲೇ. ಎಂಜಿನ್ನನ್ನು ಕೈಯಿಂದ ಐದಾರು ಸುತ್ತು ಎಡಕ್ಕೆ ತಿರುಗಿಸಿ ಬೆಲ್ಟು ಕೂರಿಸಿದೆ. ಟೆನ್ಷನರ್ ಸಡಿಲಿಸಿ, ಕ್ಯಾಮ್ ಚಕ್ರದಲ್ಲಿ ಮೂರು ಹಲ್ಲಿನಷ್ಟು ಮುಂದಕ್ಕೆ ಎಳೆದು, ಮತ್ತೆ ಬಿಗಿದೆ. ಪುಸ್ತಕದಲ್ಲಿ ಹೇಳಿದ್ದರಲ್ಲಿ ಒಂದಕ್ಷರ ಬಿಟ್ಟಿಲ್ಲ. ಶುರುವಿನ ಗುರುತೊಂದು ಬಿಟ್ಟು. ಸೆಲ್ಫಿಗೆ ಕೊಂಚ ತಡವರಿಸಿ ಸ್ಟಾರ್ಟ್ ಆಯಿತು. ನಿಂತಲ್ಲಿ ಸಣ್ಣದಾಗಿ ನಡುಗುತ್ತಿತ್ತು, ಹೊಸ ಬೆಲ್ಟಲ್ಲವೇ, ಪಳಗಲಿ ಅಂದೆ. ಚಕ್ರ ಹಾಕಿ, ನಾಲ್ಕೂ ನಿಂಬೆಹಣ್ಣು ಸಾಲಾಗಿ ಇಟ್ಟು ಹತ್ತಿಸಿ, ಬಿ.ಎಚ್. ರಸ್ತೆಯಲ್ಲಿ ಒಡೆದ ಬೂದುಗುಂಬಳಕಾಯಿಗಳ ನಡುವೆ ಒಂದು ಸುತ್ತು ಹೋಗಿಬಂದೆ. ಎರಡನೇ ಗೇರಿನಲ್ಲಿ ಮೊದಲಿಗಿಂತ ಚುರುಕಾಗಿಯೇ ಎಳೆಯಿತು. “ನೋಡು, ತಪ್ಪು ಸರಿಮಾಡಿದ ಮೇಲೆ ಪಿಕಪ್ ಹೆಂಗೆ ಬಂತು” ಅಂತ ಹೆಂಡತಿಗೆ ಹೇಳಿದೆ. ಈಗ ನೆನೆದರೆ ಮೈ ಉರಿಯುತ್ತದೆ.

ವಿಜಯದಶಮಿಗೆ ಮನೆಮಂದಿಯೆಲ್ಲ ದೇವರಾಯನದುರ್ಗಕ್ಕೆ ಹೊರಟೆವು. ನಾಮದ ಚಿಲುಮೆಯಲ್ಲಿ ಇಳಿದು ಬಂಡೆಯಿಂದ ಬರುವ ನೀರು ಮುಟ್ಟಿದ್ದಾಯಿತು. ರಾಮನಿಗೆ ಹಣೆಗೆ ನಾಮ ಇಟ್ಟುಕೊಳ್ಳಲು ನೀರು ಸಿಗದೆ ಬಾಣ ಬಿಟ್ಟಾಗ ಚಿಮ್ಮಿದ್ದು ಅಂತ ಅಮ್ಮ ಪ್ರತಿಸಲದಂತೆ ಮೊಮ್ಮಗಳಿಗೆ ಹೇಳಿದಳು. ಮಗಳು ಪ್ರತಿಸಲದಂತೆ, “ಒಂದು ನಾಮಕ್ಕೆ ಇಷ್ಟು ನೀರು ಬೇಕಾ ಅಜ್ಜಿ?” ಅಂದಳು.

ಬೆಟ್ಟದ ತಿರುವು ಶುರುವಾದವು. ನಾನು ಕಾದಿದ್ದದ್ದೇ ಇದಕ್ಕೆ. ಎರಡನೇ ಗೇರಿಗಿಳಿಸಿ ಕಾಲೊತ್ತಿದೆ. ಎಂಜಿನ್ನಿನಿಂದ, ತಗಡಿನ ಡಬ್ಬಿಯಲ್ಲಿ ಕಡಲೆಕಾಳು ಹಾಕಿ ಅಲ್ಲಾಡಿಸಿದ ಹಾಗೆ, ‘ಕಟಕಟಕಟ’ ಸದ್ದು. ಸುತ್ತು ಐದು ಸಾವಿರ ದಾಟಿತು. ದನಿ ಬದಲಾಗಬೇಕಿದ್ದ ಜಾಗದಲ್ಲಿ ಏನೂ ಬದಲಾಗಲಿಲ್ಲ. ಉಸಿರು ಕಟ್ಟಿದವರ ಹಾಗೆ ಅಲ್ಲಿಗೇ ನಿಂತಿತು. ಹಿಂದಿದ್ದ ಸ್ಕೂಟರಿನವನೊಬ್ಬ ಹಾರ್ನ್ ಹೊಡೆದು ಮುಂದೆ ಹೋದ, ಹಿಂದಿನ ಸೀಟಿನಲ್ಲಿ ಹೆಂಡತಿ, ಅವಳ ತೊಡೆಯ ಮೇಲೆ ಮಗು, ಮಗುವಿನ ಕೈಯಲ್ಲಿ ಬಲೂನು. ಮೇಲೆ ಯೋಗಾನರಸಿಂಹನಿಗೆ ಕೈಮುಗಿಯುವಾಗಲೂ ನನ್ನ ತಲೆಯಲ್ಲಿ ಕಡಲೆಕಾಳು.

ಇಳಿದು ಬಂದವನೇ ಒಬ್ಬಟ್ಟಿನ ಡಬ್ಬಿ ಹಿಡಿದು ಮೇಸ್ತ್ರಿಯ ಮನೆಗೆ ಹೋದೆ. ಲಕ್ಷಣ ಹೇಳಿದೆ. ಕೇಳಿ ನಗಲಿಲ್ಲ. “ನಾಳೆ ಬರ್ತೀನಿ, ಚಕ್ರ ಬಿಚ್ಚಿಟ್ಟಿರಿ” ಅಂದರು.

ಆಟೋದಲ್ಲಿ ಬಂದರು. ಪ್ಲಾಸ್ಟಿಕ್ ಕುರ್ಚಿಯನ್ನು ಚಕ್ರದ ಗೂಡಿನ ಪಕ್ಕಕ್ಕೆ ಎಳೆದುಕೊಂಡು ಕೂತು, ಟಾರ್ಚ್ ಬಿಡಲು ಹೇಳಿದರು. “ಬಣ್ಣ ಎಲ್ಲಿ?” ಎಂದರು.

“ಯಾವ ಬಣ್ಣ?”

ಜೇಬಿನಿಂದ ಬೆಂಕಿಪೊಟ್ಟಣ ತೆಗೆದು, ಒಂದು ಕಡ್ಡಿಯ ತುದಿಯಿಂದ ಮೂರು ಗೆರೆಯಲ್ಲಿ ನಡುವಿನದರ ತಗ್ಗನ್ನು ಕೆದಕಿದರು. ಸಾಸಿವೆಗಿಂತ ಚಿಕ್ಕದೊಂದು ಕೆಂಪು ಚೂರು ಕಡ್ಡಿಗೆ ಅಂಟಿ ಬಂತು. “ಇದು ಕೆಂಪು. ಆ ಒಂಟಿ ಗೆರೆ ಬಿಳಿ. ಬೆಲ್ಟು ಇಡೋದು ಬಿಳಿಗೆ. ಈ ಮೂರು ಇರೋದು ಗನ್ ಲೈಟ್ ಬಿಟ್ಟು ಪ್ಲಗ್ಗಿಗೆ ಕರೆಂಟ್ ಬರೋ ಟೈಮಿಂಗ್ ನೋಡೋಕೆ. ನೀವು ಉಜ್ಜಿ ಉಜ್ಜಿ ಎರಡನ್ನೂ ಬೋಳು ಮಾಡಿದ್ದೀರಿ.”

ಎರಡು ಬದಿಗೆ ಎರಡು ಗೆರೆ, ನಡುವೆ ಕೆಂಪು. ಸಾಕ್ಷಾತ್ ಅಯ್ಯಂಗಾರರ ನಾಮ. ಚಿಲುಮೆಯ ನೀರಿಲ್ಲದೆ ನನಗೆ ನಾನೇ ಹಾಕಿಕೊಂಡಿದ್ದೆ. ಕೆಂಪಿಗೂ ಬಿಳಿಗೂ ಇರುವ ಅಂತರ ಹೆಚ್ಚುಕಡಿಮೆ ಬೆಲ್ಟಿನ ಒಂದು ಹಲ್ಲು. ಪಿಸ್ಟನ್ ತುದಿಗೆ ಬರುವ ಮೊದಲೇ ಕ್ಯಾಮು ಬಂದು ಕೂತಿತ್ತು. ಹಾಗಾದಾಗ ಕೆಳಗಿನ ವೇಗದಲ್ಲಿ ಚುರುಕು, ಮೇಲಿನ ವೇಗದಲ್ಲಿ ಸೊನ್ನೆ. ಸಾಲದ್ದಕ್ಕೆ ಈ ಎಂಜಿನ್ನಿನಲ್ಲಿ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಇರುವುದು ಕ್ಯಾಮ್‌ಶಾಫ್ಟಿನ ಕೊನೆಯಲ್ಲೇ, ಹಾಗಾಗಿ ಕಿಡಿಯೂ ಅಷ್ಟೇ ಮುಂಚೆ. ಕಡಲೆಕಾಳಿನ ಸದ್ದು ಅದರದ್ದು.

“ಒಳಗಿನ ಹಲ್ಲುಗಾಲಿಯಲ್ಲೇ ಗುರುತಿದೆ, ಎದುರಿಗೆ ಆಯಿಲ್ ಪಂಪಿನ ಮೇಲೆ ಬಾಣ ಇದೆ. ಅದನ್ನ ನೋಡಿದ್ರೆ ಆಗ್ತಿತ್ತು” ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಅವರು ಒಂದು ಪಾನಾ ಮುಟ್ಟಲಿಲ್ಲ. ಕುರ್ಚಿಯಲ್ಲೇ ಕೂತು ಕಾಫಿ ಕುಡಿಯುತ್ತಾ ನನ್ನಿಂದಲೇ ಎಲ್ಲ ಬಿಚ್ಚಿಸಿದರು. ಈ ಸಲ ಬೋಲ್ಟು ಒಂದೇ ಏಟಿಗೆ ಬಿಟ್ಟಿತು. ಬಾಣಕ್ಕೆ ಗುರುತು ಇಟ್ಟಾಗ ಮೇಲಿನ ಗೆರೆಗಳು ಹೆಡ್ಡಿನ ಅಂಚಿಗೆ ಸಮವಾಗುವ ತನಕ ಕಾಯಿಸಿ, ಕನ್ನಡಿಯ ಚೂರಿನಲ್ಲಿ ಎರಡು ಸಲ ತೋರಿಸಿ, ಆಮೇಲೆ ಬೆಲ್ಟು ಹಾಕಲು ಬಿಟ್ಟರು. ಮಗಳ ಉಗುರುಬಣ್ಣ ತರಿಸಿ ಪುಲ್ಲಿಯ ನಡುವಿನ ಗೆರೆಗೆ ಕೆಂಪು, ಒಂಟಿ ಗೆರೆಗೆ ಬಿಳಿ ತಾವೇ ಹಚ್ಚಿದರು. ಕೈ ನಡುಗುತ್ತಿದ್ದರೂ ಬಣ್ಣ ತಗ್ಗಿನಿಂದಾಚೆ ಹೋಗಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲ ಮುಗಿದಿತ್ತು.

ಸ್ಟಾರ್ಟ್ ಮಾಡಿದೆ. ತಡವರಿಕೆ ಇಲ್ಲ, ನಡುಕ ಇಲ್ಲ. ಮೇಸ್ತ್ರಿ ಎದ್ದು ಬಂದು ಬಾನೆಟ್ಟಿನ ಅಂಚಿನ ಮೇಲೆ ಅಂಗೈ ಊರಿ, ತಲೆ ಒಂದು ಕಡೆಗೆ ವಾಲಿಸಿ, ಬಹಳ ಹೊತ್ತು ಕೇಳಿಸಿಕೊಂಡರು.

“ಮೇಷ್ಟ್ರೇ,” ಅಂದರು, “ಆ ಒಂದು ಹಲ್ಲು ನಂದಲ್ಲ ತಾನೇ?”