ಜೀಗುಜ್ಜೆ ಮರದ ಬಟ್ಟೆ

16 ಸೆಪ್ಟೆಂಬರ್ 2025, ಮಂಗಳವಾರ
ಓಮೋವಾ, ಫಾತು ಹಿವಾ ದ್ವೀಪ

ನಮ್ಮ ಕರಾವಳಿಯಲ್ಲಿ ಜೀಗುಜ್ಜೆ ಅಂದರೆ ಪೋಡಿ, ಇಲ್ಲವೇ ಸಾಂಬಾರು. ಇಲ್ಲಿ ಅದೇ ಮರ ಊಟವೂ ಹೌದು, ಬಟ್ಟೆಯೂ ಹೌದು. ಬರಗಾಲಕ್ಕೆಂದು ಕಾಯನ್ನು ಗುಂಡಿಯಲ್ಲಿ ಹುಳಿಬರಿಸಿ ವರ್ಷಗಟ್ಟಲೆ ಇಡುತ್ತಿದ್ದರಂತೆ.

ಫಾತು ಹಿವಾ ಇರುವುದು ಪೆಸಿಫಿಕ್ ಸಾಗರದ ಮಾರ್ಕೇಸಸ್ ದ್ವೀಪಗಳಲ್ಲಿ, ಅವು ತಾಹಿತಿಯಿಂದ ಸುಮಾರು 1,400 ಕಿ.ಮೀ. ದೂರ. ಇಲ್ಲಿ ವಿಮಾನ ನಿಲ್ದಾಣವೂ ಇಲ್ಲ, ಕಡಲ ದಾರಿಯೊಂದೇ. ಇಡೀ ದ್ವೀಪವೇ ಹಳೆಯ ಜ್ವಾಲಾಮುಖಿ. ಅದರ ಪಶ್ಚಿಮದ ಭಾಗ ಎಂದೋ ಕುಸಿದು ನೀರು ಸೇರಿದೆ. ಹವಳದ ದಿಬ್ಬಗಳ ತಡೆ ಇಲ್ಲ, ಅಲೆ ನೇರವಾಗಿ ಕಪ್ಪು ಬಂಡೆಗೇ ಅಪ್ಪಳಿಸುತ್ತದೆ.

ಬೆಳಿಗ್ಗೆ ಒಬ್ಬರು ಅಜ್ಜಿ ತಪಾ, ಅಂದರೆ ಮರದ ತೊಗಟೆಯ ಬಟ್ಟೆ, ಮಾಡುವುದನ್ನು ನೋಡುತ್ತಾ ಕೂತೆ. ಎಳೆ ಕೊಂಬೆಯ ತೊಗಟೆ ಸುಲಿದರು. ಹೊರಗಿನ ಒರಟು ಪದರ ಹೆರೆದು ತೆಗೆದರು. ಒಳಗಿನ ಒದ್ದೆ ನಾರನ್ನು ದಿಮ್ಮಿಯ ಮೇಲೆ ಹರಡಿ ಕೊಡತಿಯಿಂದ ಬಡಿಯತೊಡಗಿದರು. ಕೊಡತಿ ಗಾಳಿಮರದ್ದು. ಎಷ್ಟು ಗಟ್ಟಿ ಮರ ಅಲ್ವಾ! ಜೋರಾಗಿ ಬಡಿದರೆ ನಾರು ಹರಿಯುತ್ತದೆ, ಮೆಲ್ಲಗೆ ಬಡಿದರೆ ಹರಡುವುದಿಲ್ಲ. ಅಂಗೈ ಅಗಲದ ಪಟ್ಟಿ ನೋಡನೋಡುತ್ತಲೇ ಹಿಗ್ಗಿತು. ಜೀಗುಜ್ಜೆಯದ್ದು ಕಂದು ಬಣ್ಣ, ಕಾಗದದ ಹಿಪ್ಪುನೇರಳೆಯದ್ದು ಬಿಳಿ, ಆಲದ ಜಾತಿಯದ್ದು ಇನ್ನೂ ಗಾಢ.

ಒಣಗಿದ ಹಾಳೆಯ ಮೇಲೆ ಅಜ್ಜಿಯ ಮಗಳು ಕಪ್ಪು ಬಣ್ಣದಲ್ಲಿ ಗೆರೆ ಎಳೆಯುತ್ತಿದ್ದಳು. ಅವು ಹಿಂದೆ ಮೈಮೇಲೆ ಹಾಕುತ್ತಿದ್ದ ಹಚ್ಚೆಯ ಚಿತ್ತಾರಗಳು. 19ನೇ ಶತಮಾನದಲ್ಲಿ ಹಚ್ಚೆಗೆ ನಿಷೇಧ ಬಿತ್ತು. ಹೊರಗಿಂದ ಬಂದ ರೋಗಗಳಿಗೆ ಊರೂರೇ ಖಾಲಿಯಾದವು. 1920ರ ದಶಕದಲ್ಲಿ ಎಲ್ಲ ದ್ವೀಪಗಳಲ್ಲೂ ಸೇರಿ ಉಳಿದವರು ಸುಮಾರು 2,000 ಜನ. ಓದಿದ್ದೆ, ಆದರೆ ಆ ಹುಡುಗಿಯ ಬೆರಳು ನೋಡುವಾಗ ಈ ಲೆಕ್ಕ ನೆನಪಾಗಿ ಹೊಟ್ಟೆಯಲ್ಲಿ ಸಂಕಟವಾಯಿತು. ಜರ್ಮನಿಯ ಜನಾಂಗ ಅಧ್ಯಯನಕಾರ ಕಾರ್ಲ್ ಫಾನ್ ಡೆನ್ ಸ್ಟೈನನ್ 1897-98ರಲ್ಲಿ ಇಲ್ಲಿ ಸುತ್ತಾಡಿ ಹಚ್ಚೆಗಳನ್ನು ಬರೆದುಕೊಂಡಿದ್ದರು. ಕಲಾವಿದರು ಈಗಲೂ ಆ ಚಿತ್ರಗಳನ್ನು ತೆಗೆದು ನೋಡುತ್ತಾರೆ. 1978ರಲ್ಲಿ ಇಲ್ಲಿನವರೇ ಮೋತು ಹಾಕಾ ಸಂಘ ಕಟ್ಟಿ ಭಾಷೆ, ಕುಣಿತ, ಕಸುಬುಗಳಿಗೆ ಮತ್ತೆ ಜೀವ ತುಂಬಿದರು.

ಈ ದ್ವೀಪಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 2024ರ ಜುಲೈನಲ್ಲಿ, ನಮ್ಮ ದೆಹಲಿಯಲ್ಲಿ ನಡೆದ ಸಭೆಯಲ್ಲಿ. ಅದು ಒಳ್ಳೆಯದೇ. ಆದರೆ ಇಲ್ಲಿನ ಮಕ್ಕಳು ಪ್ರಾಥಮಿಕ ಶಾಲೆ ಮುಗಿದ ಮೇಲೆ ಓದಲು ಬೇರೆ ದ್ವೀಪಕ್ಕೆ ಹೋಗಬೇಕು. ಹೋದವರು ಹಿಂದಿರುಗಿ ಬರಬೇಕಾದರೆ ಊರಲ್ಲಿ ದುಡಿಮೆ ಇರಬೇಕು. ಹಡಗು ಬಂದ ದಿನ ಇವರ ತಪಾ ಚೆನ್ನಾಗಿ ಮಾರಾಟವಾಗುತ್ತದೆ, ಅದರಿಂದಲೇ ಮನೆಗೆ ದುಡ್ಡು. ನನಗೆ ಇವತ್ತು ಎಲ್ಲಕ್ಕಿಂತ ಜಾಸ್ತಿ ಖುಷಿ ಕೊಟ್ಟಿದ್ದು ಅದೇ.