ತೇರಿಗೆ ಮೂರು ಬಣ್ಣ

ನವನಗರ, ಬಾಗಲಕೋಟೆ
9 ನವೆಂಬರ್ 2025, ಭಾನುವಾರ

ಬೆಳಗಿನಿಂದ 43 ಲಕೋಟೆಗಳು ಮುಗಿದವು. ಆಗಬೇಕಾದದ್ದು 250. ಊಟದ ಮೇಜಿನ ತುಂಬ ಅಂಗೈಯಗಲದ ತೇರುಗಳು ಒಣಗುತ್ತಿವೆ. ಹಾಗಾಗಿ ಮಧ್ಯಾಹ್ನ ರೊಟ್ಟಿ, ಎಣ್ಣೆಗಾಯಿ ಪಲ್ಯ ಎಲ್ಲವನ್ನೂ ನೆಲದ ಮೇಲೆ ಕುಳಿತೇ ಊಟ ಮಾಡಿದೆವು. ನನ್ನಾಕೆ ಏನೂ ಅನ್ನಲಿಲ್ಲ. ಅನ್ನದೆ ಇರುವುದೂ ಒಂದು ಮಾತೇ.

ಕಿರಿಯ ಮಗನ ಮದುವೆ ಮುಂದಿನ ತಿಂಗಳು. ತುಳಸಿ ಲಗ್ನವಾದ ಮೇಲೆ ಲಗ್ನಪತ್ರಿಕೆಗಳು ಅಚ್ಚಾಗಿ ಬಂದವು, ಜೊತೆಗೆ ಬರೀ ಬಿಳಿಯ ಲಕೋಟೆಗಳು. ಮೊಮ್ಮಗಳು ಅವಳ ಅಜ್ಜಿಯ ಗುಳೇದಗುಡ್ಡ ಖಣದಲ್ಲಿದ್ದ ತೇರನ್ನು ನೋಡಿ ಚಿತ್ರ ಬರೆದಳು. ಪೇಟೆಯಲ್ಲಿ ಅದನ್ನು ಲೇಸರ್ ಯಂತ್ರದಲ್ಲಿ ರಬ್ಬರಿನ ಮೇಲೆ ಕೆತ್ತಿ, ಮರದ ಹಿಡಿಕೆ ಅಂಟಿಸಿ ಠಸ್ಸೆ, ಅಂದರೆ ರಬ್ಬರ್ ಮುದ್ರೆ, ಮಾಡಿ ಕೊಟ್ಟರು. ಅಲ್ಲಿಯವರೆಗೆ ಎಲ್ಲವೂ ಸರಳವಾಗಿತ್ತು. ಆಮೇಲೆ ಅವಳು, "ಮುತ್ಯಾ, ಕಳಸ ಹಳದಿ, ತೇರಿನ ಮೈ ಕೆಂಪು, ಗಾಲಿ ಹಸಿರು. ಮೂರೂ ಒಂದೇ ಏಟಿಗೆ ಬರಬೇಕು" ಎಂದಳು.

ನಾನು 34 ವರ್ಷ ಠಸ್ಸೆ ಹೊಡೆದವನು. ಮುಳುಗಡೆಯ ಕಾಗದಗಳ ಮೇಲೆ ಎಷ್ಟು ಸಾವಿರ ಹೊಡೆದೆನೋ ಲೆಕ್ಕವಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಹೋದ ನಮ್ಮ ಸ್ವಂತ ಮನೆಯ ಕಾಗದದ ಮೇಲೂ ನನ್ನದೇ ಕೈಯ ಠಸ್ಸೆ ಬಿದ್ದಿತ್ತು. ಎಲ್ಲದಕ್ಕೂ ಒಂದೇ ನೇರಳೆ ಬಣ್ಣ. ಕಚೇರಿಯಲ್ಲಿ ಬಣ್ಣಗಳಿಗೂ ಅಂತಸ್ತು ಇರುತ್ತಿತ್ತು: ಗುಮಾಸ್ತನಿಗೆ ನೀಲಿ, ಲೆಕ್ಕ ತಪಾಸಣೆಯವರಿಗೆ ಕೆಂಪು, ಹಸಿರು ಶಾಯಿ ಸಾಹೇಬರಿಗೆ. ನನ್ನ ಪಾಲಿಗೆ ಹಸಿರು ಬರಲೇ ಇಲ್ಲ. ಒಂದು ಠಸ್ಸೆಗೆ ಮೂರು ಶಾಯಿ ಹಾಕಬಹುದೆಂಬ ಯೋಚನೆಯೂ ಅಷ್ಟು ವರ್ಷಗಳಲ್ಲಿ ನನಗೆ ಹೊಳೆದಿರಲಿಲ್ಲ.

ಮೊದಲ ದಿನ ಗುಮಾಸ್ತನ ಬುದ್ಧಿಯನ್ನೇ ಓಡಿಸಿದೆ. ಒಣ ಪ್ಯಾಡ್ ಒಂದನ್ನು ತಂದು ಮೂರು ಪಟ್ಟೆಗಳಾಗಿ ಶಾಯಿ ಹನಿಸಿದೆ. ಮೊದಲ ನಾಲ್ಕೈದು ಅಚ್ಚು ಬಹಳ ಚೆನ್ನಾಗಿ ಬಂದವು. ಇಷ್ಟೇ ತಾನೇ ಎಂದು ಬೀಗಿದೆ. ಬೆಳಗಾಗುವಷ್ಟರಲ್ಲಿ ಶಾಯಿಗಳು ಬಟ್ಟೆಯೊಳಗೇ ಹರಿದು ಕೂಡಿಕೊಂಡು ಪ್ಯಾಡಿನ ನಡುಭಾಗ ಕೆಸರಿನ ಬಣ್ಣಕ್ಕೆ ತಿರುಗಿತ್ತು.

ಅದರ ಕಾರಣ ತಿಳಿದದ್ದು ಪಕ್ಕದ ಮನೆಯವರಿಂದ. ಅವರು ಪತ್ತಿನ ಸಂಘವೊಂದರಲ್ಲಿ ಕೆಲಸ ಮಾಡುತ್ತಾರೆ. ನೀಲಿ ಚೌಕಟ್ಟಿನ ನಡುವೆ ಕೆಂಪು ದಿನಾಂಕ ಮೂಡಿಸುವ, ತಾನೇ ಶಾಯಿ ಹಚ್ಚಿಕೊಳ್ಳುವ ಠಸ್ಸೆ ಎಲ್ಲರೂ ನೋಡಿರುವಂಥದ್ದೇ. ಕೆಟ್ಟುಹೋದ ಅಂಥದ್ದೊಂದನ್ನು ಅವರು ತಂದುಕೊಟ್ಟರು. ಬಿಚ್ಚಿ ನೋಡಿದರೆ ಒಳಗಿನ ಪ್ಯಾಡ್ ಒಂದು ತುಂಡಲ್ಲ! ಕೆಂಪಿನ ತುಂಡೇ ಬೇರೆ, ನೀಲಿಯ ತುಂಡೇ ಬೇರೆ, ನಡುವೆ ಖಾಲಿ ಸಂದು. ಠಸ್ಸೆಯ ಅಕ್ಷರಗಳನ್ನೂ ದಿನಾಂಕದ ಸುತ್ತ ಜಾಗ ಬಿಟ್ಟೇ ಜೋಡಿಸಿದ್ದರು. ಇಂಥ ಠಸ್ಸೆಯನ್ನು ದಿನವೂ ನೋಡುತ್ತಿದ್ದರೂ ಆ ಬಿಳಿ ಜಾಗ ಯಾಕಿದೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಹಾಗಾದರೆ ಶಾಯಿಯನ್ನು ಪ್ಯಾಡಿನಲ್ಲಿ ಕೂಡಿಸಬಾರದು, ರಬ್ಬರಿನ ಮೇಲೆಯೇ ಹಚ್ಚಬೇಕು. ಮೊಮ್ಮಗಳ ಬ್ರಷ್ ಮೊನೆಯ ಸ್ಕೆಚ್ ಪೆನ್ನುಗಳು ಹೊರಬಂದವು. ಠಸ್ಸೆಯನ್ನು ಅಂಗಾತ ಹಿಡಿದು ಕಳಸಕ್ಕೆ ಹಳದಿ, ಮೈಗೆ ಕೆಂಪು, ಗಾಲಿಗೆ ಹಸಿರು ಬಳಿದು ಒತ್ತಿದೆವು. ಗಾಲಿಗಳು ಮಾತ್ರ ಮೂಡಿದವು, ಕಳಸದ ಸುಳಿವೇ ಇಲ್ಲ. ಹಸಿರು ಬಳಿಯುವಷ್ಟರಲ್ಲಿ ಹಳದಿ ಒಣಗಿತ್ತು. ಕಚೇರಿಯ ಪ್ಯಾಡಿನ ಶಾಯಿಯಲ್ಲಿ ಗ್ಲಿಸರಿನ್ ಇರುವುದರಿಂದ ಅದು ಬೇಗ ಆರುವುದಿಲ್ಲ. ಸ್ಕೆಚ್ ಪೆನ್ನಿನದು ನೀರಿನಂತೆ ತೆಳುವಾದ ಶಾಯಿ, ನಮ್ಮ ಈ ಒಣ ಹವೆಗೆ ಎಷ್ಟು ಹೊತ್ತು ತಡೆದೀತು?

ಆಗ ನನಗೆ ಅರಿವಿಲ್ಲದೆಯೇ ಬಾಯಿ ತೆರೆದು ಠಸ್ಸೆಯ ಮೇಲೆ "ಹಾ" ಎಂದು ಉಸಿರು ಬಿಟ್ಟು ಇನ್ನೊಮ್ಮೆ ಒತ್ತಿದೆ. ಕಳಸದ ಸಮೇತ ಇಡೀ ತೇರು ಎದ್ದುಬಂತು. ಮೊಮ್ಮಗಳು ಕಣ್ಣರಳಿಸಿದಳು. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನಿಲ್ಲ. ಪ್ಯಾಡ್ ಒಣಗಿ, ಹೊಸದು ಮಂಜೂರಾಗದೆ ಇದ್ದ ದಿನಗಳಲ್ಲಿ ನಾವೆಲ್ಲ ಮಾಡುತ್ತಿದ್ದದ್ದೇ ಇದು. ಉಸಿರಿನ ತೇವಕ್ಕೆ ಒಣಗಿದ ಶಾಯಿ ಮತ್ತೆ ಹಸಿಯಾಗುತ್ತದೆ. ಆದರೆ "ಹಾ" ಎನ್ನಬೇಕು, "ಫೂ" ಎನ್ನಬಾರದು. ಒಲೆ ಊದಿದಂತೆ ಊದಿದರೆ ಇದ್ದ ಹಸಿಯೂ ಆರಿಹೋಗುತ್ತದೆ. ಮೊಮ್ಮಗಳು ಫೂ ಎಂದು ಊದಿಯೇ ಎರಡು ಲಕೋಟೆ ಕೆಡಿಸಿದಳು.

ಉಳಿದದ್ದೆಲ್ಲ ಒದ್ದಾಡಿಯೇ ಕಲಿತದ್ದು. ತಿಳಿ ಬಣ್ಣ ಮೊದಲು, ಗಾಢ ಬಣ್ಣ ಕೊನೆಗೆ. ತಿರುವುಮುರುವಾದರೆ ಹಳದಿ ಪೆನ್ನಿನ ಮೊನೆ ಕೆಂಪನ್ನು ಹೀರಿಕೊಂಡು ಮುಂದೆ ಹಳದಿಯನ್ನೇ ಕೊಡುವುದಿಲ್ಲ. ಅಳಿಸಲಾಗದ ಮಾರ್ಕರ್ ಪೆನ್ನು ಈ ಕೆಲಸಕ್ಕೆ ಬಾರದು. ಅದು ಹಚ್ಚಿದಲ್ಲೇ ಒಣಗಿ ಕುಳಿತುಬಿಡುತ್ತದೆ, ಎಷ್ಟು ಹಾ ಎಂದರೂ ಅಷ್ಟೇ. ಮಿರುಗುವ ಕಾಗದ ಶಾಯಿಯನ್ನು ಹೀರುವುದಿಲ್ಲ, ಬೆರಳು ತಾಗಿದರೆ ತೇರು ಉದ್ದಕ್ಕೆ ಎಳೆದುಕೊಳ್ಳುತ್ತದೆ. ಖಾಕಿ ಲಕೋಟೆಯ ಮೇಲೆ ಹಳದಿ ಕಾಣುವುದೇ ಇಲ್ಲ, ಏಕೆಂದರೆ ಈ ಶಾಯಿಗಳು ಪಾರದರ್ಶಕ. ಕೊನೆಗೆ ಒರಟು ಬಿಳಿ ಲಕೋಟೆಯೇ ಗತಿಯಾಯಿತು.

ಬಣ್ಣಗಳು ಕೂಡುವ ಜಾಗವೇ ಎಲ್ಲಕ್ಕಿಂತ ಹೆಚ್ಚು ಕಾಡಿದ್ದು. ಹಳದಿ ಕೆಂಪಿಗೆ ತಾಗಿದರೆ ಚಿಂತೆಯಿಲ್ಲ, ಕಳಸದ ಬುಡದಲ್ಲಿ ಕಿತ್ತಳೆಯ ಛಾಯೆ ಮೂಡಿ ಚೆಂದವೇ ಕಾಣುತ್ತದೆ. ಕೆಂಪು ಹಸಿರಿಗೆ ತಾಗಿದರೆ ಮಾತ್ರ ಕೆಸರು. ಇಳಕಲ್ ಸೀರೆಯಲ್ಲಿ ಸೆರಗಿನ ಹಾಸಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಕೊಂಡಿ ಹಾಕಿ ಸೇರಿಸುತ್ತಾರೆ. ಅಲ್ಲಿ ಎರಡು ಬಣ್ಣ ಸೇರಿಯೂ ಬೇರೆಯಾಗಿ ನಿಲ್ಲುತ್ತವೆ. ಅದು ನೂಲು, ಇದು ನೀರು. ಇಲ್ಲಿ ಕೊಂಡಿ ಸಾಧ್ಯವಿಲ್ಲ, ಸಂದೇ ಬೇಕು. ಗುರುವಾರ ರಾತ್ರಿ ಬ್ಲೇಡು ಹಿಡಿದು ಮೈಗೂ ಗಾಲಿಗೂ ನಡುವಿದ್ದ ಗೆರೆಯನ್ನು ಕಡ್ಡಿಪೆಟ್ಟಿಗೆಯ ಕಡ್ಡಿಯ ದಪ್ಪದಷ್ಟು ಕೆತ್ತಿ ತೆಗೆದೆ. ಚಿತ್ರ ಬರೆದವಳಿಗೆ ಸಿಟ್ಟು ಬಂತು: "ಗಾಲಿ ಬಿಚ್ಚಿಹೋದಂತೆ ಕಾಣುತ್ತದೆ ಮುತ್ಯಾ." ಅಚ್ಚು ನೋಡಿದ ಮೇಲೆ ಸುಮ್ಮನಾದಳು.

ಬಣ್ಣಕ್ಕೊಂದು ಠಸ್ಸೆ ಮಾಡಿಸಿ ಒಂದರ ಮೇಲೊಂದು ಒತ್ತಬಾರದೇ ಎಂದು ಮಗ ಕೇಳಿದ. ಒತ್ತಬಹುದು. ಆದರೆ ಎರಡನೆಯದು ಕೂದಲೆಳೆಯಷ್ಟು ಸರಿದರೂ ಕಳಸ ತೇರು ಬಿಟ್ಟು ಪಕ್ಕದಲ್ಲಿ ತೇಲುತ್ತದೆ. ಒಂದೇ ಏಟಿಗೆ ಬಿದ್ದ ಅಚ್ಚಿನಲ್ಲಿ ಅಂಥ ಭಯವಿಲ್ಲ.

ಈಗಿನ ಕ್ರಮ ಇದು: ಪಾತ್ರೆ ಉಜ್ಜುವ ಸ್ಪಂಜನ್ನು ಎರಡು ಚಿಕ್ಕ ತುಂಡು ಮಾಡಿ, ಒಂದೊಂದಕ್ಕೂ ಬೇರೆ ಪ್ಯಾಡ್. ಹಳದಿ ತಟ್ಟಿ, ಕೆಂಪು ತಟ್ಟಿ, ಗಾಲಿಗೆ ಮಾತ್ರ ಪೆನ್ನು. ಒಂದು ಹಾ. ಲಕೋಟೆಯ ಕೆಳಗೆ ಮಡಚಿದ ದಿನಪತ್ರಿಕೆ ಇಟ್ಟು ನೇರವಾಗಿ ಒತ್ತಿ, ಅಲುಗಾಡಿಸದೆ ಎತ್ತುವುದು. ಪ್ರತಿ ಸಲವೂ ಒದ್ದೆ ಬಟ್ಟೆಯಿಂದ ಒರೆಸಬೇಕು. ಇಂದು ಒರೆಸಲು ಸೋಮಾರಿತನ ಮಾಡಿ ನೋಡಿದೆ. ಹತ್ತನೆಯ ಲಕೋಟೆಯ ಹೊತ್ತಿಗೆ ಹಳದಿ ಸ್ಪಂಜು ಕಿತ್ತಳೆಯಾಗಿತ್ತು. ಒಂದಕ್ಕೆ ಎರಡು ನಿಮಿಷ ಹಿಡಿದರೂ ಒಟ್ಟು 500 ನಿಮಿಷ. "ಈ ಹೊತ್ತಿನಲ್ಲಿ ಅರ್ಧ ಊರಿಗೆ ಪತ್ರಿಕೆ ಕೊಟ್ಟು ಬರಬಹುದಿತ್ತು" ಎಂದಳು ನನ್ನಾಕೆ. ಮಾತು ಸುಳ್ಳಲ್ಲ.

ಸಂಜೆ ಅವಳೇ ಇನ್ನೊಂದು ತೊಡಕು ಎತ್ತಿದಳು. ಪತ್ರಿಕೆ ಕೊಡುವ ಮುನ್ನ ಲಕೋಟೆಯ ನಾಲ್ಕು ಮೂಲೆಗೂ ಅರಿಸಿನ ಕುಂಕುಮ ಹಚ್ಚಬೇಕಲ್ಲ? ನೀರಲ್ಲಿ ಕಲಸಿದ ಅರಿಸಿನ ತಾಗಿದರೆ ತೇರಿನ ಗತಿ ಏನು? ಕೆಟ್ಟ ಲಕೋಟೆಯೊಂದರ ಮೇಲೆ ಹಚ್ಚಿ ನೋಡಿದೆವು. ಗಾಲಿಯ ಹಸಿರು ಹರಿದು ಮೂಲೆಯವರೆಗೂ ಹೋಯಿತು. ಮೂಲೆಯ ಪಕ್ಕ ಮೂಡಿಸುತ್ತಿದ್ದ ತೇರನ್ನು ಇನ್ನು ಮುಂದೆ ಮೇಲಂಚಿನ ನಟ್ಟನಡುವೆ ಒತ್ತುವುದೆಂದು ತೀರ್ಮಾನವಾಯಿತು. ಆಗಲೇ ಮುಗಿದಿರುವ 43ಕ್ಕೆ ಒಣ ಕುಂಕುಮವೇ ಸಾಕು, ಅವು ಹತ್ತಿರದ ಬೀಗರಿಗೆ. ಮೊದಲ ಪತ್ರಿಕೆ ಬಾದಾಮಿಯ ಬನಶಂಕರಿಗೆ ಇಡುವುದು ನಮ್ಮ ಮನೆಯ ಪದ್ಧತಿ. ಅದಕ್ಕೆ ಹೊಸದಾಗಿ ಒಂದನ್ನು ನಾಳೆ ಒತ್ತಬೇಕು.

ರಾತ್ರಿ ಕೈ ತೊಳೆಯುವಾಗ ಉಗುರುಗಳ ಸಂದಿಯ ಹಸಿರು ಎಷ್ಟು ಉಜ್ಜಿದರೂ ಹೋಗಲಿಲ್ಲ. ನನ್ನಾಕೆ ಟವೆಲು ಕೊಡುತ್ತ, "ಅಂತೂ ಸಾಹೇಬರಾದಿರಿ" ಎಂದಳು.

ಹಳದಿ ಶಾಯಿ ಮುಗಿಯುತ್ತ ಬಂದಿದೆ. ನಾಳೆ ಪೇಟೆಗೆ ಹೋದಾಗ ತರಬೇಕು, ಹೊಸ ಸ್ಪಂಜನ್ನೂ.