ಕೃತಕ ಸೊಂಟದ ಕೀಲು ಎಷ್ಟು ವರ್ಷ ಬಾಳುತ್ತದೆ?

ಹಿಪ್ ರಿಪ್ಲೇಸ್‌ಮೆಂಟ್ ಮಾಡಿಸಿಕೊಳ್ಳುವವರು ಮೊದಲು ಕೇಳುವ ಪ್ರಶ್ನೆ ಇದು. ಸಾಮಾನ್ಯವಾಗಿ ಸಿಗುವ ಉತ್ತರ ‘ಹತ್ತು ಹದಿನೈದು ವರ್ಷ’. ಈ ಉತ್ತರ ಹಳೆಯದು. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯೊಂದು ಆಸ್ಟ್ರೇಲಿಯಾ ಮತ್ತು ಫಿನ್ಲೆಂಡಿನ ರಿಜಿಸ್ಟ್ರಿಗಳ, ಅಂದರೆ ಕೀಲು ಜೋಡಣೆಯ ದಾಖಲೆ ಇಡುವ ರಾಷ್ಟ್ರೀಯ ಪಟ್ಟಿಗಳ, ಲೆಕ್ಕ ಒಟ್ಟುಗೂಡಿಸಿತು. 15 ವರ್ಷ ದಾಟಿದ ಕೀಲುಗಳು ಸುಮಾರು ಶೇ. 89, 20 ವರ್ಷ ದಾಟಿದವು ಶೇ. 70, 25 ವರ್ಷ ದಾಟಿದವು ಶೇ. 58. ಇಲ್ಲಿ ಒಂದು ಸಂಗತಿ ಗಮನಿಸಬೇಕು. 25 ವರ್ಷದ ಲೆಕ್ಕದಲ್ಲಿರುವುದೆಲ್ಲ 1990ರ ದಶಕದ ಆರಂಭದಲ್ಲೋ ಅದಕ್ಕೂ ಮುಂಚೆಯೋ ಕೂರಿಸಿದ ಕೀಲುಗಳು. ಇವತ್ತು ಬಳಸುವ ಪ್ಲಾಸ್ಟಿಕ್ ಆ ಲೆಕ್ಕದೊಳಗೆ ಇಲ್ಲವೇ ಇಲ್ಲ.

‘ಬಾಳಿತು’ ಎಂಬ ಮಾತಿನ ಅರ್ಥವನ್ನೂ ಬಿಡಿಸಿಕೊಳ್ಳಬೇಕು. ರಿಜಿಸ್ಟ್ರಿಯ ಭಾಷೆಯಲ್ಲಿ ಮರುಶಸ್ತ್ರಚಿಕಿತ್ಸೆ, ಅಂದರೆ ರಿವಿಷನ್ ಆಗದಿದ್ದರೆ ಕೀಲು ಬಾಳಿದಂತೆ. ದಿನವೂ ನೋವು ತಿನ್ನುತ್ತ, ಮತ್ತೊಂದು ಆಪರೇಷನ್ ತಾಳಲಾರದಷ್ಟು ಸೊರಗಿದವರ ಕೀಲು ಕೂಡ ‘ಬಾಳಿದ’ ಪಟ್ಟಿಯಲ್ಲೇ ಇರುತ್ತದೆ. ಅದಕ್ಕಾಗಿಯೇ ಆಕ್ಸ್‌ಫರ್ಡ್ ಹಿಪ್ ಸ್ಕೋರ್‌ನಂಥ ಪ್ರಶ್ನಾವಳಿ ಬೇಕು: 12 ಪ್ರಶ್ನೆ, 48 ಅಂಕ, ಉತ್ತರ ಕೊಡುವವರು ರೋಗಿಯೇ. ಇನ್ನು ವಯಸ್ಸು. ಬ್ರಿಟನ್ನಿನ ದಾಖಲೆಗಳ ಮೇಲೆ 2017ರಲ್ಲಿ ಪ್ರಕಟವಾದ ಅಧ್ಯಯನದಂತೆ, 70 ದಾಟಿದ ಮೇಲೆ ಕೀಲು ಹಾಕಿಸಿಕೊಂಡವರಿಗೆ ಜೀವಮಾನದಲ್ಲಿ ರಿವಿಷನ್ ಆಗುವ ಸಾಧ್ಯತೆ ಸುಮಾರು ಶೇ. 5. ಐವತ್ತರ ಆರಂಭದಲ್ಲಿರುವ ಗಂಡಸರಲ್ಲಿ ಅದು ಶೇ. 35ರವರೆಗೆ ಏರುತ್ತದೆ. ಅವರ ಮುಂದೆ ಇನ್ನೂ ಹೆಚ್ಚು ವರ್ಷಗಳಿವೆ, ಕೀಲಿಗೆ ದುಡಿಮೆಯೂ ಜಾಸ್ತಿ.

ಕೀಲು ಹಾಳಾಗುವ ಬಗೆಗಳಲ್ಲಿ ಸವೆತದ ಕತೆ ದೊಡ್ಡದು. ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಸರ್ಜನ್ ಜಾನ್ ಚಾರ್ನ್‌ಲಿ ಕೃತಕ ಕೀಲಿನ ಚೆಂಡು ಕೂರುವ ಬಟ್ಟಲಿಗೆ ಮೊದಲು ಟೆಫ್ಲಾನ್ ಬಳಸಿದರು. ಜಾರುವ ಗುಣ ಚೆನ್ನಾಗಿತ್ತು, ತಾಳಿಕೆ ಇರಲಿಲ್ಲ. ಕೆಲವೇ ವರ್ಷಗಳಲ್ಲಿ ಚೆಂಡು ಬಟ್ಟಲನ್ನು ಕೊರೆದು ಒಳಹೊಕ್ಕಿತು. ಟೆಫ್ಲಾನ್ ಪುಡಿಗೆ ದೇಹ ಹೇಗೆ ಪ್ರತಿಕ್ರಿಯಿಸುತ್ತದೆಂದು ತಿಳಿಯಲು ಅವರು ಅದನ್ನು ತಮ್ಮ ತೊಡೆಯೊಳಗೇ ಸೇರಿಸಿಕೊಂಡು ನೋಡಿದರು. 1962ರ ನವೆಂಬರ್‌ನಲ್ಲಿ ಅತಿ ಹೆಚ್ಚು ಅಣುತೂಕದ ಪಾಲಿಥಿಲೀನ್‌ಗೆ ಬದಲಾಯಿಸಿಕೊಂಡರು. 22 ಮಿಲಿಮೀಟರ್ ಚಿಲ್ಲರೆಯ ಲೋಹದ ಚೆಂಡು, ಪ್ಲಾಸ್ಟಿಕ್ ಬಟ್ಟಲು, ಅಕ್ರಿಲಿಕ್ ಸಿಮೆಂಟ್. ಇಂದಿನ ಕೀಲುಗಳೂ ಬಹುಪಾಲು ಇದೇ ತತ್ವದ ಮೇಲೆ ನಿಂತಿವೆ.

ಆದರೆ ಪಾಲಿಥಿಲೀನ್ ಕೂಡ ಸವೆಯುತ್ತದೆ. ವರ್ಷಕ್ಕೆ 0.1 ಮಿ.ಮೀ. ಎಂದರೆ ಏನೂ ಅಲ್ಲ ಅನ್ನಿಸಬಹುದು. ಅಪಾಯ ಇರುವುದು ಬಟ್ಟಲು ತೆಳುವಾಗುವುದಕ್ಕಿಂತ ಉದುರುವ ಪುಡಿಯಲ್ಲಿ. ಬಹಳಷ್ಟು ಕಣಗಳು ಒಂದು ಮೈಕ್ರಾನ್‌ಗಿಂತ ಚಿಕ್ಕವು. ಮ್ಯಾಕ್ರೊಫೇಜ್ ಎಂಬ ರಕ್ಷಣಾ ಕೋಶಗಳು ಬ್ಯಾಕ್ಟೀರಿಯಾ ನುಂಗುವಂತೆ ಇವನ್ನೂ ನುಂಗುತ್ತವೆ, ಜೀರ್ಣಿಸಿಕೊಳ್ಳಲಾರದೆ ಉರಿಯೂತದ ಸಂಕೇತಗಳನ್ನು ಕಳಿಸುತ್ತಲೇ ಇರುತ್ತವೆ. ಆ ಸಂಕೇತಕ್ಕೆ ಓಗೊಟ್ಟ ಆಸ್ಟಿಯೋಕ್ಲಾಸ್ಟ್ ಎಂಬ ಮೂಳೆ ಕರಗಿಸುವ ಕೋಶಗಳು ಸುತ್ತಲಿನ ಮೂಳೆಯನ್ನು ತಿಂದುಹಾಕುತ್ತವೆ. ಇಷ್ಟೆಲ್ಲ ಆಗುವಾಗ ರೋಗಿಗೆ ನೋವೇ ಇರುವುದಿಲ್ಲ. ಎಕ್ಸ್‌ರೇಯಲ್ಲಿ ಮೂಳೆ ಟೊಳ್ಳಾಗಿ ಕಂಡಾಗಲೋ ಕೀಲು ಅಲುಗಾಡಿದಾಗಲೋ ಗೊತ್ತಾಗುತ್ತದೆ. ವರ್ಷಕ್ಕೆ 0.05 ಮಿ.ಮೀ.ಗಿಂತ ಕಡಿಮೆ ಸವೆದರೆ ಈ ತೊಂದರೆ ಬಹಳ ವಿರಳ.

1990ರ ದಶಕದ ಕೊನೆಯಲ್ಲಿ ಬಂದ ಕ್ರಾಸ್‌ಲಿಂಕ್ಡ್ ಪಾಲಿಥಿಲೀನ್ ಆ ಮಿತಿಯೊಳಗೆ ನಿಂತಿತು. ಪ್ಲಾಸ್ಟಿಕ್ಕಿಗೆ ಸಾಮಾನ್ಯವಾಗಿ 50ರಿಂದ 100 ಕಿಲೋಗ್ರೇ ವಿಕಿರಣ ಕೊಟ್ಟರೆ ಅದರ ಉದ್ದನೆಯ ಸರಪಳಿಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಅದೇ ವಿಕಿರಣ ಫ್ರೀ ರ‍್ಯಾಡಿಕಲ್ ಎಂಬ, ಬೇಗ ಪ್ರತಿಕ್ರಿಯಿಸುವ ತುಣುಕುಗಳನ್ನೂ ಉಳಿಸುತ್ತದೆ. ಅವು ಆಮ್ಲಜನಕದ ಜೊತೆ ಸೇರಿದರೆ ಪ್ಲಾಸ್ಟಿಕ್ ಕಾಲಕ್ರಮೇಣ ಪೆಡಸಾಗುತ್ತದೆ. ಕರಗಿಸಿ ಮತ್ತೆ ಗಟ್ಟಿಮಾಡಿದರೆ ರ‍್ಯಾಡಿಕಲ್‌ಗಳು ಹೋಗುತ್ತವೆ, ಜೊತೆಗೆ ಬಿರುಕು ತಡೆಯುವ ಶಕ್ತಿಯೂ ಸ್ವಲ್ಪ ಕುಗ್ಗುತ್ತದೆ. ಕರಗುವ ಮಟ್ಟಕ್ಕೆ ಹೋಗದೆ ಕಾಯಿಸಿದರೆ ಶಕ್ತಿ ಉಳಿಯುತ್ತದೆ, ಕೆಲವು ರ‍್ಯಾಡಿಕಲ್‌ಗಳೂ ಉಳಿಯುತ್ತವೆ. ಈ ಇಕ್ಕಟ್ಟಿಗೆ ಪರಿಹಾರವಾಗಿ ವಿಟಮಿನ್ ಇ ಬೆರೆಸುವ ವಿಧಾನ ಬಂತು. ಆಸ್ಟ್ರೇಲಿಯಾದ ರಿಜಿಸ್ಟ್ರಿಯಲ್ಲಿ 16 ವರ್ಷಕ್ಕೆ ರಿವಿಷನ್ ಪ್ರಮಾಣ ಹಳೆಯ ಪ್ಲಾಸ್ಟಿಕ್ಕಿನಲ್ಲಿ ಶೇ. 11.7, ಕ್ರಾಸ್‌ಲಿಂಕ್ಡ್‌ನಲ್ಲಿ ಶೇ. 6.2. ಈ ಕ್ಷೇತ್ರದಲ್ಲಿ ಕಳೆದ ಮೂವತ್ತು ವರ್ಷಗಳ ಅತಿ ದೊಡ್ಡ ಗೆಲುವು ಯಾವುದೆಂದರೆ ನಾನು ಇದನ್ನೇ ಹೇಳುತ್ತೇನೆ. ಆಪರೇಷನ್‌ಗೆ ಬಳಸುವ ರೋಬಾಟ್‌ಗೆ ಸಿಕ್ಕಷ್ಟು ಪ್ರಚಾರ ಇದಕ್ಕೆ ಸಿಗಲಿಲ್ಲ.

ಇದಕ್ಕೆ ತದ್ವಿರುದ್ಧವಾದ ಪಾಠ ಲೋಹದ ಮೇಲೆ ಲೋಹ ಕೂರಿಸಿದ ಕೀಲುಗಳದು. ಪ್ರಯೋಗಾಲಯದ ಯಂತ್ರದಲ್ಲಿ ಅವು ಬಹಳ ಕಡಿಮೆ ಸವೆದವು. ದೊಡ್ಡ ಚೆಂಡು ಜಾರಿ ಹೊರಬರುವುದೂ ಕಡಿಮೆ. ಆದರೆ ದೇಹದೊಳಗೆ ಬಟ್ಟಲು ಕೊಂಚ ಕಡಿದಾಗಿ ಕೂತರೂ ಭಾರವೆಲ್ಲ ಅಂಚಿಗೆ ಬೀಳುತ್ತದೆ, ಎಣ್ಣೆಯಂತೆ ಕೆಲಸ ಮಾಡುವ ದ್ರವದ ಪದರ ಒಡೆದುಹೋಗುತ್ತದೆ, ಕೋಬಾಲ್ಟ್ ಮತ್ತು ಕ್ರೋಮಿಯಂ ಸುತ್ತಲಿನ ಸ್ನಾಯುವಿಗೆ ಸೇರುತ್ತದೆ. ಇದೇ ಬಗೆಯ ಎಎಸ್ಆರ್ ಎಂಬ ಕೀಲನ್ನು 2010ರ ಆಗಸ್ಟ್‌ನಲ್ಲಿ ಜಗತ್ತಿನಾದ್ಯಂತ ಹಿಂಪಡೆಯುವಾಗ, ಇಂಗ್ಲೆಂಡ್ ಮತ್ತು ವೇಲ್ಸ್‌ನ ರಿಜಿಸ್ಟ್ರಿಯ ಲೆಕ್ಕದಲ್ಲಿ ಐದೇ ವರ್ಷಕ್ಕೆ ಶೇ. 12-13ರಷ್ಟು ರಿವಿಷನ್ ಆಗಿತ್ತು. ಹತ್ತು ವರ್ಷಕ್ಕೆ ಶೇ. 5ರೊಳಗಿರಬೇಕೆಂಬುದು ಬ್ರಿಟನ್ನಿನ ಇಂದಿನ ಮಾನದಂಡ.

ಇಂಥದ್ದನ್ನು ಬೇಗ ಪತ್ತೆಹಚ್ಚುವ ದಾರಿಯೊಂದಿದೆ, ಕೀಲು ಮೂಳೆಯೊಳಗೆ ಎಷ್ಟು ಸರಿದಿದೆಯೆಂದು ಅಳೆಯುವ ಆರ್‌ಎಸ್‌ಎ (ರೇಡಿಯೋಸ್ಟೀರಿಯೊಮೆಟ್ರಿಕ್ ಅನಾಲಿಸಿಸ್). ಆಪರೇಷನ್ ಸಮಯದಲ್ಲಿ ಮೂಳೆಯೊಳಗೆ ಸುಮಾರು ಒಂದು ಮಿ.ಮೀ. ಗಾತ್ರದ ಟ್ಯಾಂಟಲಂ ಮಣಿಗಳನ್ನು ಇಟ್ಟು, ಎರಡು ಕೋನಗಳಿಂದ ಏಕಕಾಲಕ್ಕೆ ಎಕ್ಸ್‌ರೇ ತೆಗೆಯುತ್ತಾರೆ. ಎರಡು ವರ್ಷದಲ್ಲಿ ಬಟ್ಟಲು 0.2 ಮಿ.ಮೀ.ಗಿಂತ ಕಡಿಮೆ ಮೇಲೆ ಸರಿದಿದ್ದರೆ ನೆಮ್ಮದಿ; ಒಂದು ಮಿ.ಮೀ. ದಾಟಿದ್ದರೆ ಆ ವಿನ್ಯಾಸವನ್ನು ಮುಂದುವರಿಸಬಾರದು. ಕೆಲವೇ ಡಜನ್ ರೋಗಿಗಳಲ್ಲಿ ಎರಡೇ ವರ್ಷಕ್ಕೆ ತಿಳಿಯಬಹುದಾದದ್ದನ್ನು ಸಾವಿರಾರು ಜನರ ಸೊಂಟದ ಮೇಲೆ ಪರೀಕ್ಷಿಸುವುದು ತಪ್ಪು.

ಚೆಂಡು ಸ್ಟೆಮ್‌ಗೆ, ಅಂದರೆ ತೊಡೆಮೂಳೆಯೊಳಗೆ ಇಳಿಸುವ ಕಾಂಡಕ್ಕೆ, ಕೂಡುವ ಜಾಗ ನೋಡಿ. ಅಲ್ಲಿ ಸ್ಕ್ರೂ ಇಲ್ಲ, ಅಂಟು ಇಲ್ಲ. ಓರೆಯಾದ ಕುತ್ತಿಗೆಯ ಮೇಲೆ ಚೆಂಡು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ, ಅಷ್ಟೇ. ಕುತ್ತಿಗೆಯನ್ನು ತೊಳೆದು, ಪೂರ್ತಿ ಒರೆಸಿ, ಒಣಗಿದ ಮೇಲೆ ಚೆಂಡು ಇಟ್ಟು, ನೇರವಾಗಿ ಗಟ್ಟಿ ಏಟು ಕೊಡಬೇಕು. ನಡುವೆ ರಕ್ತದ ಪದರವೋ ಮೂಳೆಯ ಚೂರೋ ಸಿಕ್ಕಿಕೊಂಡರೆ ಹೆಜ್ಜೆಹೆಜ್ಜೆಗೂ ಮೈಕ್ರಾನ್ ಲೆಕ್ಕದ ಅಲುಗಾಟ, ಅದರಿಂದ ತುಕ್ಕು, ವರ್ಷಗಳ ನಂತರ ಮತ್ತದೇ ಕೋಬಾಲ್ಟ್ ಸಮಸ್ಯೆ. ಸೆರಾಮಿಕ್ ಚೆಂಡಿನಲ್ಲಿ ಈ ತುಕ್ಕು ಬಹಳ ಕಡಿಮೆ. ಅದು ಒಡೆಯುವುದು ಅಪರೂಪ; ಒಡೆದರೆ ಮಾತ್ರ ಆ ಜಾಗಕ್ಕೆ ಲೋಹದ ಚೆಂಡು ಹಾಕಬಾರದು, ಉಳಿದ ಚೂರುಗಳು ಲೋಹವನ್ನು ಉಜ್ಜುಕಾಗದದಂತೆ ಕೆರೆಯುತ್ತವೆ.

ಸಿಮೆಂಟ್ ಬೇಕೋ ಬೇಡವೋ ಎಂಬುದು ಮೂಳೆಯ ಗುಣಕ್ಕೆ ಬಿಟ್ಟದ್ದು. ಸಿಮೆಂಟಿಲ್ಲದ ಸ್ಟೆಮ್ಮನ್ನು ಬಿಗಿಯಾಗಿ ಬಡಿದು ಕೂರಿಸಬೇಕು. ವಯಸ್ಸಾದವರ ತೆಳು ಮೂಳೆ ಆಗಲೇ ಸೀಳಬಹುದು, ಇಲ್ಲವೇ ತಿಂಗಳೊಳಗೆ ಮುರಿಯಬಹುದು. ಸೊಂಟ ಮುರಿದ 60 ದಾಟಿದವರಲ್ಲಿ ಅರೆಕೀಲು ಜೋಡಣೆ (ಬಟ್ಟಲು ಬಿಟ್ಟು ಚೆಂಡಿನ ಭಾಗವನ್ನಷ್ಟೇ ಬದಲಿಸುವುದು) ಕುರಿತು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕೀಲಿನ ಸುತ್ತ ಮೂಳೆ ಮುರಿದದ್ದು ಸಿಮೆಂಟ್ ಹಾಕಿದವರಲ್ಲಿ ಶೇ. 0.5, ಹಾಕದವರಲ್ಲಿ ಶೇ. 2.1. ಇಷ್ಟಾದರೂ ಹಳೆಯ ಮೂಳೆಗೂ ಸಿಮೆಂಟಿಲ್ಲದ ಸ್ಟೆಮ್ ಹಾಕುವ ರೂಢಿ ಹಲವೆಡೆ ಉಳಿದಿರುವುದು ನನಗೆ ಸರಿ ಕಾಣುವುದಿಲ್ಲ.

ಸೋಂಕು ಸುಮಾರು ನೂರರಲ್ಲಿ ಒಬ್ಬರಿಗೆ ತಗಲುತ್ತದೆ. ಬ್ಯಾಕ್ಟೀರಿಯಾಗಳು ಲೋಹದ ಮೇಲೆ ಬಯೋಫಿಲ್ಮ್ ಎಂಬ ಅಂಟುಪದರ ಕಟ್ಟಿದ ಮೇಲೆ ಬರೀ ಆ್ಯಂಟಿಬಯಾಟಿಕ್ ಮಾತ್ರೆಯಿಂದ ವಾಸಿಯಾಗದು. ಮೊದಲ ಮೂರ್ನಾಲ್ಕು ವಾರದೊಳಗಾದರೆ ತೊಳೆದು, ಚೆಂಡು ಮತ್ತು ಬಟ್ಟಲಿನ ಒಳಪದರವಾದ ಲೈನರ್ ಬದಲಿಸಿ ಕೀಲನ್ನು ಉಳಿಸಿಕೊಳ್ಳುವ ಅವಕಾಶವಿದೆ. ತಡವಾದರೆ ಪೂರ್ತಿ ತೆಗೆಯಬೇಕಾಗುತ್ತದೆ. ಹಾಗಾಗಿ ಗಾಯ ಒಸರುತ್ತಿದ್ದರೆ ‘ನೋಡೋಣ’ ಎಂದು ಮಾತ್ರೆ ನುಂಗುತ್ತ ಕೂರುವುದು ಎರಡು ಬಗೆಯ ನಷ್ಟ: ಸಮಯವೂ ಹೋಗುತ್ತದೆ, ಕೀಲಿನ ದ್ರವ ತೆಗೆದು ಪರೀಕ್ಷಿಸಿದಾಗ ರೋಗಾಣು ಬೆಳೆಯದೆ ಯಾವುದೆಂದೂ ತಿಳಿಯುವುದಿಲ್ಲ.

ನೋವಿನ ಜಾಗ ಸುಳಿವು ಕೊಡುತ್ತದೆ. ಎದ್ದು ಮೊದಲ ನಾಲ್ಕು ಹೆಜ್ಜೆ ಇಡುವಾಗ ತೊಡೆಯಲ್ಲಿ ಚುಚ್ಚಿದರೆ ಸ್ಟೆಮ್ ಸಡಿಲವಾಗಿರಬಹುದು, ತೊಡೆಸಂದಿಯಲ್ಲಾದರೆ ಬಟ್ಟಲು. ಮಲಗಿದ್ದಾಗಲೂ ಬಿಡದ ನೋವಿಗೆ ಮೊದಲು ಸೋಂಕನ್ನು ಅನುಮಾನಿಸಬೇಕು. ನೋವಿಲ್ಲದಿದ್ದರೂ ಎಕ್ಸ್‌ರೇ ತಪ್ಪಿಸಬಾರದು: ಒಳ್ಳೆಯ ದಾಖಲೆಯಿರುವ ಕೀಲಿಗೆ ಬ್ರಿಟಿಷ್ ತಜ್ಞರ ಹಿಂದಿನ ಸಲಹೆ ಒಂದನೇ ವರ್ಷ, ಏಳನೇ ವರ್ಷ, ಆಮೇಲೆ ಮೂರು ವರ್ಷಕ್ಕೊಮ್ಮೆ ಎಂದಿತ್ತು. ಆಪರೇಷನ್ ಆದ ದಿನವೇ ಕೀಲಿನ ಡಬ್ಬಿಗಳ ಮೇಲಿದ್ದ ಸ್ಟಿಕ್ಕರ್‌ಗಳ ಪ್ರತಿ ಕೇಳಿ ಪಡೆಯಿರಿ. ಬಟ್ಟಲು, ಲೈನರ್, ಚೆಂಡು, ಸ್ಟೆಮ್, ಪ್ರತಿಯೊಂದಕ್ಕೂ ಬೇರೆ ಸ್ಟಿಕ್ಕರ್ ಇರುತ್ತದೆ, ಅದರಲ್ಲಿ ಗಾತ್ರ ಮತ್ತು ಲಾಟ್ ಸಂಖ್ಯೆ. ಇಪ್ಪತ್ತು ವರ್ಷದ ನಂತರ ಲೈನರ್ ಒಂದನ್ನೇ ಬದಲಿಸಬೇಕಾಗಿ ಬಂದರೆ, ಹೊಂದುವ ಭಾಗ ಹುಡುಕುವ ಸರ್ಜನ್‌ಗೆ ಬೇಕಾಗುವುದು ಆ ಚೀಟಿಯೇ.